ಬಿಳಿ ಧೂಳಿನ ದಾರಿ, ಸೈಕಲ್ಲಿನ ಸವಾರಿ

ಇಟಲಿ ಎಂದೊಡನೆ ರೋಮಿನ ಕೊಲೋಸಿಯಂ, ಪೀಸಾದ ವಾಲುಗೋಪುರ, ವೆನಿಸ್ಸಿನ ದೋಣಿಗಳು ಕಣ್ಣಮುಂದೆ ಬರುತ್ತವೆ. ಪಠ್ಯಪುಸ್ತಕದ ಇಟಲಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಫ್ಲಾರೆನ್ಸ್‌ನಿಂದ ದಕ್ಷಿಣಕ್ಕೆ ಸಿಯೆನಾದವರೆಗೂ, ಅದರಾಚೆಗೂ ಹಬ್ಬಿರುವ ಟಸ್ಕನಿಯ ಗುಡ್ಡಗಾಡಿನಲ್ಲಿ ಇನ್ನೊಂದು ಇಟಲಿ ಇದೆ. ಅದನ್ನು ನೋಡಲು ಬಸ್ಸೂ ಬೇಡ, ಕಾರೂ ಬೇಡ. ಒಂದು ಸೈಕಲ್ಲು, ಗಟ್ಟಿ ಕಾಲು, ಜೊತೆಗೆ ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಇಲ್ಲಿನ ಹಳ್ಳಿದಾರಿಗಳನ್ನು ಜನ ‘ಸ್ತ್ರಾದೆ ಬಿಯಾಂಕೆ’ ಎಂದು ಕರೆಯುತ್ತಾರೆ. ಅಂದರೆ ಬಿಳಿ ರಸ್ತೆಗಳು. ಡಾಂಬರು ಕಾಣದ, ಸುಣ್ಣಕಲ್ಲಿನ ಪುಡಿಜಲ್ಲಿ ಹಾಸಿದ ದಾರಿಗಳಿವು. ಬೇಸಿಗೆಯಲ್ಲಿ ಚಕ್ರದ ಹಿಂದೆ ಬಿಳಿ ಧೂಳು ಏಳುತ್ತದೆ. ಮಳೆ ಬಂದರೆ ಅದೇ ಧೂಳು ಕೆಸರಾಗಿ ಟೈರಿಗೆ ಮೆತ್ತಿಕೊಳ್ಳುತ್ತದೆ. ಎಡಬಲದಲ್ಲಿ ದ್ರಾಕ್ಷಿ ತೋಟ, ಆಲಿವ್ ಮರಗಳು, ಸಾಲಾಗಿ ನಿಂತ ಸೈಪ್ರೆಸ್. ವಾಹನಗಳ ಗದ್ದಲ ಬಹಳ ಕಡಿಮೆ.

ಸಿಯೆನಾದ ಆಗ್ನೇಯಕ್ಕಿರುವ ‘ಕ್ರೇತೆ ಸೆನೇಸಿ’ ಎಂಬ ಪ್ರದೇಶವಂತೂ ಭೂಗೋಳದ ತೆರೆದ ಪುಸ್ತಕ. ‘ಕ್ರೇತಾ’ ಎಂದರೆ ಜೇಡಿಮಣ್ಣು. ಸುಮಾರು 25ರಿಂದ 50 ಲಕ್ಷ ವರ್ಷಗಳ ಹಿಂದಿನ ಪ್ಲಿಯೋಸೀನ್ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಕೆಸರೇ ಇಂದಿನ ಬೂದುಬಣ್ಣದ ದಿಬ್ಬಗಳು. ಈ ನಾಡಿನ ಮಣ್ಣಿನಲ್ಲಿ ಚಿಪ್ಪುಗಳ ಪಳೆಯುಳಿಕೆ ಸಿಗುವುದು ಅದಕ್ಕೇ. ಪಕ್ಕದ ವಾಲ್ ದೋರ್ಚಾ ಕಣಿವೆಯನ್ನು ಯುನೆಸ್ಕೋ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ಚೆಲುವಾದ ದಾರಿಗಳು ಇಷ್ಟು ನಿರ್ಜನವಾಗಿ ಉಳಿದದ್ದು ಹೇಗೆ? ಇದರ ಹಿಂದೆ ಬೇಸಾಯಗಾರರ ಬವಣೆಯ ಕಥೆಯಿದೆ. ಶತಮಾನಗಳ ಕಾಲ ಇಲ್ಲಿ ‘ಮೆಝಾದ್ರಿಯಾ’ ಎಂಬ ಪದ್ಧತಿ ಇತ್ತು. ಭೂಮಿ ಒಡೆಯನದು, ದುಡಿಮೆ ರೈತನದು, ಫಸಲು ಅರ್ಧರ್ಧ. ಹಳೇ ಮೈಸೂರಿನ ರೈತರು ‘ವಾರಕ್ಕೆ ಮಾಡುವುದು’ ಎನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಅಂಥದೇ. ಗುಡ್ಡಕ್ಕೊಂದು ಒಂಟಿ ಮನೆ. ಆ ಮನೆಗಳನ್ನು ಚರ್ಚಿಗೂ ಗಿರಣಿಗೂ ಸಂತೆಗೂ ಜೋಡಿಸುತ್ತಿದ್ದವು ಈ ಬಿಳಿ ದಾರಿಗಳು. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳ ಕೂಲಿ ಕೈಬೀಸಿ ಕರೆಯಿತು. ರೈತ ಕುಟುಂಬಗಳು ಗುಂಪುಗುಂಪಾಗಿ ಪಟ್ಟಣ ಸೇರಿದವು. 1964ರ ಕಾನೂನು ಹೊಸ ಪಾಲುಗಾರಿಕೆ ಒಪ್ಪಂದಗಳನ್ನು ನಿಷೇಧಿಸಿತು. ಮನೆಗಳು ಖಾಲಿಯಾದವು, ದಾರಿಗಳು ಮಾತ್ರ ಉಳಿದವು.

ಉಳಿದವಕ್ಕೂ ಡಾಂಬರಿನ ಕಾಲ ಬಂತು. ಹೀಗೆಯೇ ಬಿಟ್ಟರೆ ಬಿಳಿ ರಸ್ತೆಗಳು ನಕ್ಷೆಯಿಂದಲೇ ಮಾಯವಾದಾವು ಎಂಬ ಆತಂಕ ಕೆಲವರನ್ನು ಕಾಡಿತು. ಅವರಲ್ಲೊಬ್ಬರು ಜಿಯಾಂಕಾರ್ಲೋ ಬ್ರೋಚಿ. 1997ರಲ್ಲಿ ಅವರು ಕಿಯಾಂತಿ ಸೀಮೆಯ ಗಾಯೋಲೆ ಎಂಬ ಸಣ್ಣ ಊರಿನಿಂದ ‘ಲೆರೋಯಿಕಾ’ ಎಂಬ ಸೈಕಲ್ ಯಾತ್ರೆ ಹೊರಡಿಸಿದರು. ಮೊದಲ ವರ್ಷ ಬಂದವರು 92 ಮಂದಿ. ಮುಂದೆ ಆ ಸಂಖ್ಯೆ ಸಾವಿರಗಳಿಗೆ ಏರಿತು. ಯಾತ್ರೆಯ ನಿಯಮವೂ ಸ್ವಾರಸ್ಯದ್ದು: ಸೈಕಲ್ಲು 1987ಕ್ಕಿಂತ ಹಿಂದಿನ ಮಾದರಿಯದಾಗಿರಬೇಕು, ತೊಡುವ ಬಟ್ಟೆಯೂ ಹಳೆಯ ಕಾಲದ್ದಾಗಿರಬೇಕು. ಇಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ದಾರಿ ಮುಗಿಸುವುದೇ ಮುಖ್ಯ. 2007ರಲ್ಲಿ ಇದೇ ದಾರಿಗಳಲ್ಲಿ ವೃತ್ತಿಪರರ ಸ್ಪರ್ಧೆಯೂ ಶುರುವಾಯಿತು. 2015ರಿಂದ ಮಹಿಳೆಯರ ಸ್ಪರ್ಧೆಯೂ ನಡೆಯುತ್ತಿದೆ.

ಸ್ಪರ್ಧೆ ಬೇಡ, ನಿಧಾನವಾಗಿ ನೋಡಿಕೊಂಡು ಹೋಗೋಣ ಎನ್ನುವವರಿಗಾಗಿ 209 ಕಿ.ಮೀ. ಉದ್ದದ ಸುತ್ತುದಾರಿಗೆ ಕಾಯಂ ಫಲಕಗಳನ್ನು ನೆಡಲಾಗಿದೆ. ಗಾಯೋಲೆಯಿಂದ ಹೊರಟು, ಬ್ರೋಲಿಯೋ ಕೋಟೆಯ ಮಗ್ಗುಲಲ್ಲಿ ಹಾದು, ಮೊಂತಾಲ್ಚಿನೋ, ಬುವೊನ್‌ಕೊನ್ವೆಂತೊ, ಆಶಾನೋ ಊರುಗಳನ್ನು ಮುಟ್ಟಿ ಹಿಂದಿರುಗುವ ದಾರಿಯಿದು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಂದೇ ಸಮನೆ ತುಳಿದರೂ 14 ಗಂಟೆ ಬೇಕು. ಹಾಗಾಗಿ ನಾಲ್ಕೈದು ದಿನಕ್ಕೆ ಹಂಚಿಕೊಳ್ಳುವುದೇ ಜಾಣತನ.

ಏರು ಎಷ್ಟು ಕಡಿದು ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಸಿಯೆನಾ ಪೇಟೆಯೊಳಗಿನ ಸಾಂತಾ ಕತೆರೀನಾ ಬೀದಿಯ ಏರು ಶೇ 16ರವರೆಗೂ ಇದೆ. ಅಂದರೆ ಅಂಥ ಏರಿನಲ್ಲಿ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 16 ಮೀಟರ್ ಮೇಲೇರಿರುತ್ತೀರಿ, ಐದು ಅಂತಸ್ತಿನ ಕಟ್ಟಡದಷ್ಟು! ಇಲ್ಲಿ ಗೇರಿನ ಮಹತ್ವ ತಿಳಿಯುತ್ತದೆ. ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ಒಂದು ತುಳಿತಕ್ಕೆ ಸಾಗುವ ದೂರ ಕಡಿಮೆ, ಹಾಕಬೇಕಾದ ಬಲವೂ ಕಡಿಮೆ. ಒಟ್ಟು ಶ್ರಮವೇನೂ ಉಳಿಯುವುದಿಲ್ಲ. ಅದು ಹೆಚ್ಚು ತುಳಿತಗಳಿಗೆ ಹಂಚಿಹೋಗುತ್ತದೆ.

ಟಸ್ಕನಿಯ ದಾರಿಗಳಲ್ಲಿ ಪಳಗಿದ ಒಬ್ಬ ವೀರನ ಹೆಸರನ್ನು ಇಲ್ಲಿ ಹೇಳಲೇಬೇಕು. ಜೀನೋ ಬಾರ್ತಾಲಿ ಹುಟ್ಟಿದ್ದು 1914ರಲ್ಲಿ, ಫ್ಲಾರೆನ್ಸ್ ಬಳಿಯ ಪೊಂತೆ ಆ ಎಮಾದಲ್ಲಿ. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು 1938ರಲ್ಲಿ ಒಮ್ಮೆ, ಹತ್ತು ವರ್ಷದ ನಂತರ 1948ರಲ್ಲಿ ಇನ್ನೊಮ್ಮೆ ಗೆದ್ದವರು. ಯುದ್ಧಕಾಲದಲ್ಲಿ ಯಹೂದಿಗಳ ಜೀವ ಉಳಿಸುವ ಗುಪ್ತ ಜಾಲಕ್ಕೆ ನೆರವಾಗಿ, ಅವರಿಗೆ ಬೇಕಾದ ನಕಲಿ ಗುರುತುಪತ್ರಗಳನ್ನು ಸೈಕಲ್ಲಿನಲ್ಲಿ ಸಾಗಿಸಿದ್ದಕ್ಕಾಗಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 2013ರಲ್ಲಿ ಅವರನ್ನು ಮರಣೋತ್ತರವಾಗಿ ಗೌರವಿಸಿತು. ಬದುಕಿದ್ದಾಗ ಈ ಬಗ್ಗೆ ಅವರು ಬಾಯಿಬಿಟ್ಟದ್ದು ತೀರಾ ಕಡಿಮೆ.

ಹೋಗುವ ಯೋಚನೆಯಿರುವ ಕುಟುಂಬಗಳು ಕೆಲವು ಸಂಗತಿಗಳನ್ನು ನೆನಪಿಡಬೇಕು. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ–ಆಗಸ್ಟಿನ ನಡುಹಗಲು ಬಿಸಿಲು ಸುಡುತ್ತದೆ. ಇಟಲಿಯಲ್ಲಿ ಸಂಚಾರ ರಸ್ತೆಯ ಬಲಗಡೆ. ಎಡಗಡೆ ರೂಢಿಯಾದವರು ತಿರುವುಗಳಲ್ಲಿ ಮೈಮರೆಯಬಾರದು. ಜಲ್ಲಿಯ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಕ್ಕನೆ ಒತ್ತಿದರೆ ಜಾರುವುದು ಖಂಡಿತ. ಅಗಲ ಟೈರು, ಹೆಲ್ಮೆಟ್, ಎರಡು ಬಾಟಲಿ ನೀರು ಇಲ್ಲದೆ ಹೊರಡಬಾರದು. ಸಿಯೆನಾ, ಆಶಾನೋ, ಬುವೊನ್‌ಕೊನ್ವೆಂತೊಗಳಲ್ಲಿ ರೈಲು ನಿಲ್ದಾಣಗಳಿವೆ. ಚಿಕ್ಕ ಮಕ್ಕಳಿದ್ದರೆ ಬುವೊನ್‌ಕೊನ್ವೆಂತೊ ಸುತ್ತಲಿನ ಕಣಿವೆಯ ಸಮತಟ್ಟು ನೆಲದಲ್ಲಿ ಹತ್ತು ಹದಿನೈದು ಕಿ.ಮೀ. ಸಾಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಬಿಳಿ ರಸ್ತೆ ನೋಡಬಂದವರಿಗೆ ಚೆಂದ, ಅಲ್ಲೇ ಬಾಳುವವರಿಗೆ? ಒಣಹಾಕಿದ ಬಟ್ಟೆಯ ಮೇಲೆ ಧೂಳು, ಮಳೆಗಾಲದಲ್ಲಿ ಗುಂಡಿ, ಆಸ್ಪತ್ರೆಗೆ ಧಾವಿಸುವಾಗ ಕೆಸರು. ಡಾಂಬರು ಬೇಕೆನ್ನುವವರನ್ನು ತಪ್ಪೆನ್ನಲಾಗದು. ದಾರಿಯನ್ನು ಹಾಗೇ ಉಳಿಸುವುದೆಂದರೆ ಹಾಗೇ ಬಿಟ್ಟುಬಿಡುವುದಲ್ಲ. ಆಗಾಗ ಜಲ್ಲಿ ಹರಡಿ ಮಟ್ಟ ಮಾಡಬೇಕು, ಬದಿಯ ಕಾಲುವೆ ತೋಡಬೇಕು. ಅದಕ್ಕೆ ಹಣ ಬೇಕು. ಹಾಳುಬಿದ್ದಿದ್ದ ಎಷ್ಟೋ ತೋಟದ ಮನೆಗಳು ಇಂದು ಅತಿಥಿಗಳಿಗೆ ಊಟ, ವಸತಿ ಕೊಡುತ್ತಿವೆ. ಬೇಸಾಯದ ಜೊತೆಗೆ ಇಂಥ ಉಪಕಸುಬಿಗೆ ಇಟಲಿ 1985ರಲ್ಲೇ ಕಾನೂನು ಮಾಡಿದೆ. ಸೈಕಲ್ಲಿನಲ್ಲಿ ಹೋದವರು ಅಲ್ಲಿ ಉಣ್ಣುವ ಒಂದು ಊಟ, ತಂಗುವ ಒಂದು ರಾತ್ರಿ ಆ ಮನೆಯ ದೀಪ ಆರದಂತೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಜನ ಉಳಿದರೆ ಮನೆಯ ಮುಂದಿನ ದಾರಿಯೂ ಉಳಿಯುತ್ತದೆ.