ಗ್ರೈಂಡರ್ ಹಿಡಿಯುವ ಮೊದಲು ಡಿಸ್ಕ್ ಮೇಲಿನ ಸಂಖ್ಯೆ ಓದಿ

ವೆಲ್ಡಿಂಗ್, ಗ್ರಿಲ್ ಕೆಲಸ, ಗ್ಯಾರೇಜ್, ಟೈಲ್ಸ್ ಹಾಕುವುದು - ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಇವುಗಳಲ್ಲಿ ಒಂದು ಕಸುಬು ಇದೆ. ರಜೆಯಲ್ಲಿ ಅಬ್ಬನಿಗೋ ಮಾಮನಿಗೋ ಸಹಾಯಕ್ಕೆ ಹೋಗುವವರೂ ಇದ್ದಾರೆ. ಅಲ್ಲಿ ಬೇಗ ಕೈಗೆ ಬರುವ ಯಂತ್ರ ಆಂಗಲ್ ಗ್ರೈಂಡರ್. ನೋಡಲು ಚಿಕ್ಕದು, ಕಲಿಯಲು ಸುಲಭ. ಅದಕ್ಕೇ ಅದರ ಬಗ್ಗೆ ಭಯ ಕಡಿಮೆ.

ಪ್ರಥಮ ಪಿಯುಸಿಯಲ್ಲಿ ಓದಿದ ವೃತ್ತೀಯ ಚಲನೆಯ ಪಾಠವನ್ನು ಇಲ್ಲಿಗೆ ತನ್ನಿ. ಸಾಮಾನ್ಯ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 183. ಡಿಸ್ಕ್‌ನ ವ್ಯಾಸ 100 ಮಿ.ಮೀ., ಸುತ್ತಳತೆ 31.4 ಸೆಂ.ಮೀ. ಗುಣಿಸಿ ನೋಡಿ: ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್, ಗಂಟೆಗೆ 200 ಕಿ.ಮೀ.ಗೂ ಹೆಚ್ಚು. ಈ ವೇಗದಲ್ಲಿ ತಿರುಗುವುದು ಉಕ್ಕಿನ ಚಕ್ರವಲ್ಲ. ಗಟ್ಟಿ ಹರಳುಗಳನ್ನು ಅಂಟಿನಿಂದ ಹಿಡಿದಿಟ್ಟು, ನಡುವೆ ಗಾಜಿನ ನೂಲಿನ ಬಲೆ ಕೊಟ್ಟ ಬಿಲ್ಲೆ.

ಇಂಥ ಬಿಲ್ಲೆಗಳಿಗೆ ಸಾಮಾನ್ಯವಾಗಿ ಇಟ್ಟಿರುವ ಮಿತಿ ಸೆಕೆಂಡಿಗೆ 80 ಮೀಟರ್. ವ್ಯಾಸ ಹೆಚ್ಚಾದಂತೆ ಸುತ್ತು ಕಡಿಮೆಯಾಗಬೇಕು. ಆದ್ದರಿಂದ 5 ಇಂಚಿನ ಡಿಸ್ಕ್ ಮೇಲೆ ಸುಮಾರು 12,200, 7 ಇಂಚಿನದರ ಮೇಲೆ ಸುಮಾರು 8,500, 9 ಇಂಚಿನದರ ಮೇಲೆ ಸುಮಾರು 6,600 ಎಂದು ಅಚ್ಚಾಗಿರುತ್ತದೆ. ಯಂತ್ರದ ಫಲಕದ ಮೇಲೂ ಅದರ ಸುತ್ತಿನ ಸಂಖ್ಯೆ ಇರುತ್ತದೆ. ಡಿಸ್ಕ್‌ನ ಸಂಖ್ಯೆ ಯಂತ್ರದ ಸಂಖ್ಯೆಗಿಂತ ಕಡಿಮೆ ಇರಲೇಬಾರದು.

ಕೆಲವು ಕಡೆ ಏನು ಮಾಡುತ್ತಾರೆ? ಇನ್ನೂ ಆಳಕ್ಕೆ ಕತ್ತರಿಸಬೇಕೆಂದು ಚಿಕ್ಕ ಗ್ರೈಂಡರ್‌ನ ಗಾರ್ಡ್ ಬಿಚ್ಚಿ, ವಾಷರ್ ಕೊಟ್ಟು 7 ಇಂಚಿನ ಡಿಸ್ಕ್ ಕೂರಿಸುತ್ತಾರೆ. 11,000 ಸುತ್ತಿನಲ್ಲಿ ಅದರ ಅಂಚು ಸೆಕೆಂಡಿಗೆ 104 ಮೀಟರ್ ಓಡುತ್ತದೆ. ಬಿಲ್ಲೆಯನ್ನು ಒಡೆಯಲು ಎಳೆಯುವ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುವುದರಿಂದ ಅದು ಮಿತಿಯ 1.7 ಪಟ್ಟು ಆಗುತ್ತದೆ. ಬಿಲ್ಲೆ ಸಿಡಿದರೆ ಚೂರು ಹೋಗುವ ದಾರಿಯಲ್ಲಿ ಹಿಡಿದವನ ಮುಖ, ಕುತ್ತಿಗೆ ಇವೆ; ತಡೆಯಲು ಇದ್ದ ಗಾರ್ಡ್ ಆಗಲೇ ಮೂಲೆಯಲ್ಲಿ ಬಿದ್ದಿದೆ. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು ಇದಕ್ಕಿಂತ ಕೆಟ್ಟದ್ದು. ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣ ಯಂತ್ರವೇ ಹಿಂದಕ್ಕೆ ಚಿಮ್ಮುತ್ತದೆ, ಕೈ ಎಷ್ಟೇ ಗಟ್ಟಿ ಇರಲಿ.

ದೊಡ್ಡವರು ಹಾಗೆ ಕೊಟ್ಟಾಗ ಹುಡುಗರಿಗೆ ಎದುರು ಹೇಳುವುದು ಕಷ್ಟ, ನಿಜ. "ಮಾಮ, ಗಾರ್ಡ್ ಹಾಕಿಕೊಂಡೇ ಮಾಡುತ್ತೇನೆ" ಎಂದಷ್ಟೇ ಹೇಳಿ, ಹಾಕಿಕೊಳ್ಳಿ. ಮೇಸ್ತ್ರಿಗೆ ಇಪ್ಪತ್ತು ವರ್ಷ ಏನೂ ಆಗಿಲ್ಲ ಎಂಬುದು ನಿಮ್ಮ ಡಿಸ್ಕ್‌ಗೆ ಗೊತ್ತಿಲ್ಲ.

ಇನ್ನು ಕೊಳ್ಳುವ ವಿಷಯ. ಗ್ರಿಲ್, ಕಿಟಕಿ, ಮನೆಯ ಸಣ್ಣಪುಟ್ಟ ಕೆಲಸಕ್ಕೆ 4 ಇಂಚು, 700-850 ವಾಟ್ ಸಾಕು. 7, 9 ಇಂಚಿನವು ಕಾಂಕ್ರೀಟ್, ದಪ್ಪ ಕಬ್ಬಿಣಕ್ಕೆ, ಕಲಿಯುವವರಿಗಲ್ಲ. ವಾಟ್‌ಗಿಂತ ನಾನು ಮೊದಲು ನೋಡುವುದು ಸ್ವಿಚ್ಚನ್ನು. ಜಾರಿಸಿ ಲಾಕ್ ಮಾಡುವ ಸ್ವಿಚ್ ಇದ್ದರೆ, ಕೆಲಸದ ನಡುವೆ ಕರೆಂಟ್ ಹೋಯಿತು, ಯಂತ್ರ ನೆಲದ ಮೇಲಿಟ್ಟಿರಿ, ಕರೆಂಟ್ ಬಂತು - ಅದು ತಾನಾಗಿ ತಿರುಗತೊಡಗುತ್ತದೆ. ಲಾಕ್ ಆಗದೆ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಪ್ಯಾಡಲ್ ಸ್ವಿಚ್‌ನಲ್ಲಿ ಈ ತೊಂದರೆ ಇಲ್ಲ. ನಮ್ಮ ಊರಿನ ಕರೆಂಟ್ ನೆನೆದು ಆರಿಸಿಕೊಳ್ಳಿ.

ಗಲ್ಫ್‌ನಿಂದ ತಂದ ಗ್ರೈಂಡರ್ ಇದ್ದರೆ ಎರಡು ಮಾತು. ಅದು 115 ಅಥವಾ 125 ಮಿ.ಮೀ.ನದಾಗಿದ್ದರೆ ಡಿಸ್ಕ್‌ನ ನಡುವಿನ ತೂತು ಸುಮಾರು 22 ಮಿ.ಮೀ. ಇರುತ್ತದೆ. ನಮ್ಮ ಅಂಗಡಿಯ 4 ಇಂಚಿನ ಡಿಸ್ಕ್‌ನ ತೂತು 16 ಮಿ.ಮೀ. ಕೂರದಿದ್ದರೆ ತೂತನ್ನು ಕೊರೆದು ದೊಡ್ಡದು ಮಾಡಬೇಡಿ. ಫಲಕದಲ್ಲಿ ವೋಲ್ಟೇಜ್ ಕೂಡ ಓದಿ. 110 ಎಂದಿದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಕತ್ತರಿಸುವ ತೆಳು ಡಿಸ್ಕ್‌ನ ಪಕ್ಕದಿಂದ ಉಜ್ಜಬಾರದು. ಉಜ್ಜಲು 6 ಮಿ.ಮೀ. ದಪ್ಪದ್ದು ಬೇರೆಯೇ ಇದೆ. ಹೊಸ ಡಿಸ್ಕ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ. ಕನ್ನಡಕ ಬೇಕೇ ಬೇಕು, ಟೈಲ್ಸ್ ಧೂಳಿಗೆ ಮಾಸ್ಕ್ ಕೂಡ.

ನಿರ್ವಹಣೆ ದೊಡ್ಡ ವಿದ್ಯೆಯಲ್ಲ. ಏನೇ ಮಾಡುವ ಮೊದಲು ಪ್ಲಗ್ ಕಿತ್ತಿಡಿ, ಡಿಸ್ಕ್ ಬದಲಿಸುವಾಗಲೂ. ಗಾಳಿಯ ಕಿಂಡಿಗಳಲ್ಲಿ ಕಬ್ಬಿಣದ ಪುಡಿ ತುಂಬಿದರೆ ಮೋಟಾರ್ ಬಿಸಿಯಾಗುತ್ತದೆ, ಮೇಲಾಗಿ ಆ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ. ಬ್ಲೋವರ್‌ನಿಂದ ಊದಿ ತೆಗೆಯಿರಿ. ಒಳಗೆ ಕಿಡಿ ಹೆಚ್ಚು ಕಂಡರೆ, ಯಂತ್ರ ನಿಂತು ನಿಂತು ಓಡಿದರೆ ಮೊದಲು ಕಾರ್ಬನ್ ಬ್ರಷ್ ನೋಡಿ. ಸವೆದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹರಿದ ವೈರಿಗೆ ಟೇಪ್ ಸುತ್ತಿ ನಡೆಸುವುದು ಬೇಡ. ಸ್ಪಿಂಡಲ್ ಲಾಕ್ ಗುಂಡಿಯನ್ನು ಯಂತ್ರ ಪೂರ್ತಿ ನಿಂತ ಮೇಲೆಯೇ ಒತ್ತಿ.

ಡಿಸ್ಕ್‌ಗಳನ್ನು ಒಣಗಿದ ಜಾಗದಲ್ಲಿಡಿ. ತೇವ ಕುಡಿದರೆ ಅಂಟು ದುರ್ಬಲವಾಗುತ್ತದೆ. ಒಳ್ಳೆಯ ಡಿಸ್ಕ್‌ಗಳ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ತಯಾರಾಗಿ 3 ವರ್ಷಕ್ಕೆ. ಅರ್ಧ ಬೆಲೆಗೆ ಸಿಗುವ ಹಳೆಯ ಸ್ಟಾಕ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಆ ಉಂಗುರವನ್ನು ಬೆಳಕಿಗೆ ಹಿಡಿದು ಓದಿ.