ಫಿನಾಯಿಲ್‌ಗೆ ಬಗ್ಗದ ವೈರಸ್ಸು ಸೋಡಾಕ್ಕೆ ಶರಣು

ಕೆ.ಆರ್. ಪೇಟೆ ಕಡೆಯ ರೈತರೊಬ್ಬರ ಪ್ರಶ್ನೆ ಇದು: ‘ಹೋದ ಸಲ ಎಲ್ಲ ರಾಸುಗಳಿಗೂ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ವಿ. ದಿನಾ ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೀತೀವಿ. ಆದ್ರೂ ಒಂದು ಸೀಮೆಹಸು ಜೊಲ್ಲು ಸುರಿಸ್ಕೊಂಡು ಮೇವು ಬಿಡ್ತು. ಹಂಗಾದ್ರೆ ಲಸಿಕೆ ಯಾಕೆ?’

ಒಂದು ದೂರು ಲಸಿಕೆಯ ಮೇಲೆ, ಇನ್ನೊಂದು ಫಿನಾಯಿಲ್ ಮೇಲೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಆ ವೈರಸ್ಸಿನ ಚಿಪ್ಪಿನಲ್ಲಿ. ಇಷ್ಟು ಸೊಗಸಾದ ಸಂಗತಿ ಹಳ್ಳಿಯ ಡೇರಿಗಳ ಮುಂದೆ ಚರ್ಚೆಗೇ ಬರುವುದಿಲ್ಲವಲ್ಲ ಎಂಬುದು ನನ್ನ ಬಹುದಿನದ ಕೊರಗು.

ರೋಗದ ಲಕ್ಷಣಗಳನ್ನು ಮಂಡ್ಯ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ನಾಲಿಗೆಯ ಮೇಲೆ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು, ಹಗ್ಗದಂತೆ ಇಳಿಬೀಳುವ ಜೊಲ್ಲು. 2013ರಲ್ಲಿ ಇದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತು. ನಾಗಮಂಗಲದ ಬೆದ್ದಲು ಸೀಮೆಯ ನಾಟಿ ದನ ಹೇಗೋ ತಡೆದುಕೊಂಡೀತು. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಡೇರಿಗೆ ಹಾಲು ಹಾಕುವ ಮಿಶ್ರತಳಿ ಹಸುಗಳಿಗೆ ಪೆಟ್ಟು ಜೋರು. ವಾಸಿಯಾದ ಮೇಲೂ ಕೆಲವು ಹಸುಗಳು ಬಿಸಿಲು ಕಂಡರೆ ಏದುಸಿರು ಬಿಡುತ್ತವೆ, ಹಾಲು ಮೊದಲಿನ ಮಟ್ಟಕ್ಕೆ ಏರುವುದಿಲ್ಲ. ಎಳೆಗರುಗಳಲ್ಲಿ ವೈರಸ್ಸು ನೇರ ಹೃದಯಕ್ಕೇ ಕೈಹಾಕುತ್ತದೆ. ಸತ್ತ ಕರುವಿನ ಹೃದಯವನ್ನು ಕೊಯ್ದು ನೋಡಿದರೆ ಕೆಂಪು ಮಾಂಸದ ಮೇಲೆ ಬಿಳಿಚಿದ ಪಟ್ಟೆಗಳು ಕಾಣುತ್ತವೆ. ಪಶುವೈದ್ಯರು ಅದನ್ನು ‘ಹುಲಿ ಹೃದಯ’ ಎನ್ನುತ್ತಾರೆ.

ಪ್ರಾಣಿಗಳಿಗೆ ವೈರಸ್ಸಿನಿಂದ ಕಾಯಿಲೆ ಬರುತ್ತದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದೇ ಈ ರೋಗ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ಕೂಡ ತೂರದಂಥ ಸೋಸುಕದಲ್ಲಿ ಸೋಸಿದರು. ಸೋಸಿದ ತಿಳಿನೀರು ಕೂಡ ರೋಗ ತಂದಿತು. ಅಷ್ಟು ಸಣ್ಣದು ಈ ವೈರಸ್ಸು. ಒಂದು ಮಿಲಿಮೀಟರ್ ಉದ್ದಕ್ಕೆ 30 ಸಾವಿರಕ್ಕೂ ಹೆಚ್ಚು ವೈರಸ್ಸುಗಳನ್ನು ಸಾಲಾಗಿ ಇಡಬಹುದು.

ಈಗ ಚಿಪ್ಪಿಗೆ ಬರೋಣ. ಪ್ರೋಟೀನಿನ ಹನ್ನೆರಡು ತುಂಡುಗಳನ್ನು ಒಂದಕ್ಕೊಂದು ಆನಿಸಿ ಮಾಡಿದ ಚೆಂಡು ಅದು. ಒಳಗೆ ವೈರಸ್ಸಿನ ಆರ್‌ಎನ್‌ಎ. ಕೊರೊನಾ ವೈರಸ್ಸಿಗೆ ಹೊರಗಡೆ ಕೊಬ್ಬಿನ ಕವಚವಿತ್ತು, ಅದಕ್ಕೇ ಸೋಪು ಹಚ್ಚಿದರೆ ಕರಗಿಹೋಗುತ್ತಿತ್ತು. ಕಾಲುಬಾಯಿ ವೈರಸ್ಸಿಗೆ ಅಂಥ ಕವಚವೇ ಇಲ್ಲ. ಫಿನಾಯಿಲ್‌ನಂಥ ಫೀನಾಲ್ ಜಾತಿಯ ದ್ರಾವಣಗಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಸಗಣಿ, ಜೊಲ್ಲು ಮೆತ್ತಿದ ನೆಲದಲ್ಲಂತೂ ಇನ್ನೂ ಗಟ್ಟಿ. ಘಾಟು ವಾಸನೆ ಬಂದರೆ ಕೊಟ್ಟಿಗೆ ಶುದ್ಧವಾಯಿತು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಮೂಗಿಗೆ ಸಮಾಧಾನವಾದ ಮಾತ್ರಕ್ಕೆ ವೈರಸ್ಸು ಸಾಯುವುದಿಲ್ಲ.

ಹಾಗಾದರೆ ಇದಕ್ಕೆ ಮದ್ದೇನು? ವಾಸನೆಯೇ ಇಲ್ಲದ, ಕಿರಾಣಿ ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ. ಹನ್ನೆರಡು ತುಂಡುಗಳ ಬೆಸುಗೆ ಬಹಳ ನಾಜೂಕಿನದು. ಸುತ್ತಲಿನ ದ್ರವ ತುಸು ಹುಳಿಯಾಗಿ ಪಿಎಚ್ 6ಕ್ಕಿಂತ ಕೆಳಗಿಳಿದರೆ ಚಿಪ್ಪು ಕಳಚಿಕೊಳ್ಳುತ್ತದೆ. ಕ್ಷಾರ ಹೆಚ್ಚಾಗಿ 9 ದಾಟಿದರೂ ವೈರಸ್ಸು ಉಳಿಯುವುದಿಲ್ಲ. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿದರೆ ಶೇ 4ರ ದ್ರಾವಣ ಸಿದ್ಧ. ಮೊದಲು ಸಗಣಿ ಬಾಚಿ, ನೆಲ ಉಜ್ಜಿ, ಆಮೇಲೆ ಇದನ್ನು ಸುರಿಯಬೇಕು. ಗೋದಲಿ, ಹಾಲಿನ ಬಕೆಟ್ಟು, ಚಪ್ಪಲಿ ಯಾವುದನ್ನೂ ಬಿಡಬಾರದು. ತೊಳೆದ ಮೇಲೆ ಗೋದಲಿ ಮತ್ತು ಬಕೆಟ್ಟನ್ನು ಒಳ್ಳೆಯ ನೀರಿನಲ್ಲಿ ಮತ್ತೆ ಜಾಲಿಸಿ. ಅಡುಗೆ ಸೋಡಾ ಇದಕ್ಕೆ ಸಾಲದು, ಅದರ ಕ್ಷಾರ ಕಡಿಮೆ. ವಾಷಿಂಗ್ ಸೋಡಾವನ್ನು ರಾಸಿನ ಬಾಯಿಗೆ ಹಾಕಲೇಬಾರದು, ಹುಣ್ಣು ಸುಟ್ಟುಹೋಗುತ್ತದೆ.

ಹುಳಿಗೆ ಒಡೆಯುವ ಚಿಪ್ಪನ್ನು ವೈರಸ್ಸು ಏಕೆ ಇಟ್ಟುಕೊಂಡಿದೆ? ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಇದೇ. ಹಸುವಿನ ಜೀವಕೋಶ ವೈರಸ್ಸನ್ನು ಒಂದು ಪುಟ್ಟ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಆ ಚೀಲದೊಳಗೆ ಕ್ರಮೇಣ ಹುಳಿ ಏರುತ್ತದೆ. ತುಂಡುಗಳು ಕೂಡುವ ಜಾಗದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವಿದೆ. ಹುಳಿ ತಾಗಿದೊಡನೆ ಅದು ಧನ ವಿದ್ಯುದಂಶ ಪಡೆದು ಪಕ್ಕದ ತುಂಡನ್ನು ದೂರ ತಳ್ಳುತ್ತದೆ. ಚಿಪ್ಪು ಬಿಚ್ಚಿಕೊಂಡು ಆರ್‌ಎನ್‌ಎ ಹೊರಬೀಳುತ್ತದೆ, ಸೋಂಕು ಶುರು. ಗಟ್ಟಿ ಚಿಪ್ಪಾಗಿದ್ದರೆ ವೈರಸ್ಸಿಗೆ ಒಳಹೊಕ್ಕು ಕೆಲಸ ಮಾಡಲು ಆಗುತ್ತಲೇ ಇರಲಿಲ್ಲ. ಅದರ ಬಲವೂ ದೌರ್ಬಲ್ಯವೂ ಒಂದೇ ಬೆಸುಗೆಯಲ್ಲಿದೆ.

ಲಸಿಕೆಯ ದೂರಿಗೂ ಇಲ್ಲೇ ಉತ್ತರ. ಲಸಿಕೆಯಲ್ಲಿರುವುದು ಸತ್ತ ವೈರಸ್ಸು. ರಾಸಾಯನಿಕದಿಂದ ಆರ್‌ಎನ್‌ಎಯನ್ನು ಕೆಡಿಸಿ, ಚಿಪ್ಪನ್ನು ಮಾತ್ರ ಇಡಿಯಾಗಿ ಉಳಿಸಿರುತ್ತಾರೆ. ಹಸುವಿನ ದೇಹ ಶತ್ರುವನ್ನು ಗುರುತು ಹಿಡಿಯುವುದು ಆ ಇಡೀ ಚಿಪ್ಪಿನಿಂದ. ಹನ್ನೆರಡು ತುಂಡಾಗಿ ಒಡೆದ ಚಿಪ್ಪು ಹೆಚ್ಚು ರಕ್ಷಣೆ ಕೊಡುವುದಿಲ್ಲ. ಚಿಪ್ಪಿಗೆ ಹುಳಿ ಹೇಗೋ ಸೆಕೆಯೂ ಹಾಗೆ. ಆದ್ದರಿಂದಲೇ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಲಸಿಕೆ ಹಾಕುವವರ ಜೊತೆ ಮನೆಮನೆ ತಿರುಗಿದಾಗ ಗಮನಿಸಿದೆ. ಹಾಲಿನಂತೆ ಬೆಳ್ಳಗಿದ್ದ ಸೀಸೆ ಪ್ರತಿ ಸಲವೂ ಐಸ್ ಪೆಟ್ಟಿಗೆಯಿಂದ ಹೊರಬಂದು, ಒಂದು ಮನೆಯ ರಾಸುಗಳು ಮುಗಿದ ತಕ್ಷಣ ಮತ್ತೆ ಪೆಟ್ಟಿಗೆಗೆ ಹೋಗುತ್ತಿತ್ತು. ಎಮ್ಮೆ ಗೂಟಕ್ಕೆ ಸಿಕ್ಕದೆ ಓಡಾಡುತ್ತಿದ್ದರೂ ಅವರು ಮುಚ್ಚಳ ತೆರೆದಿಡಲಿಲ್ಲ. ನಿಜವಾದ ವಿಜ್ಞಾನ ಆ ಶ್ರದ್ಧೆಯಲ್ಲಿದೆ.

ತಂಪು ತಪ್ಪುವುದು ಒಂದೇ ಕಾರಣವಲ್ಲ. ಈ ವೈರಸ್ಸಿಗೆ ಏಳು ಬಗೆಗಳಿವೆ. ನಮ್ಮ ಲಸಿಕೆಯಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಇನ್ನೊಂದರಿಂದ ರಕ್ಷಣೆಯಿಲ್ಲ. ಲಸಿಕೆಯ ಬಲವೂ ಸುಮಾರು ಆರು ತಿಂಗಳು ಮಾತ್ರ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ವರ್ಷಕ್ಕೆರಡು ಸಲ ಉಚಿತವಾಗಿ ಲಸಿಕೆ ಹಾಕುವುದು ಇದಕ್ಕೇ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸಲ, ಒಂದು ತಿಂಗಳ ಬಳಿಕ ಇನ್ನೊಂದು ಸಲ. ಆ ಎರಡನೆಯದನ್ನು ತಪ್ಪಿಸಿದ ಕರು ಅರ್ಧ ರಕ್ಷಣೆಯಲ್ಲೇ ಉಳಿಯುತ್ತದೆ. ಲಸಿಕೆ ಹಾಕಿಸಿದರೆ ಹಾಲು ಬತ್ತುತ್ತದೆ ಎಂದು ರಾಸನ್ನು ಹಿತ್ತಲಲ್ಲಿ ಬಚ್ಚಿಡುವವರೂ ಇದ್ದಾರೆ. ಒಂದೆರಡು ದಿನ ಹಾಲು ಕೊಂಚ ಇಳಿಯಬಹುದು. ರೋಗ ಬಂದರೆ ಇಡೀ ಸೂಲಿನ ಹಾಲೇ ಹೋಗುತ್ತದೆ.

ಮಾರಿ ಮುನಿದಳೆಂದು ರಾಸಿಗೆ ಬರೆ ಹಾಕುವುದು, ಗೊರಸಿನ ಹುಣ್ಣಿಗೆ ಸೀಮೆಎಣ್ಣೆ ಸುರಿಯುವುದು ಇನ್ನೂ ನಿಂತಿಲ್ಲ. ನೊಂದ ಮೂಕಪ್ರಾಣಿಗೆ ಇದು ಚಿತ್ರಹಿಂಸೆ, ದಯವಿಟ್ಟು ನಿಲ್ಲಿಸಿ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಂದು ಹಸು ಮಂಕಾದೊಡನೆ ಉಳಿದವನ್ನು ಲಗುಬಗೆಯಲ್ಲಿ ಸಂತೆಗೆ ಹೊಡೆಯುವುದು. ಗುಳ್ಳೆ ಕಾಣುವ ಮೊದಲೇ ಹಾಲಿನಲ್ಲಿ, ಉಸಿರಿನಲ್ಲಿ ವೈರಸ್ಸು ಹೊರಬೀಳುತ್ತಿರುತ್ತದೆ. ಚೆನ್ನಾಗಿ ಕಾಣುವ ರಾಸೇ ಹತ್ತೂರಿಗೆ ರೋಗ ಹೊತ್ತೊಯ್ಯುತ್ತದೆ.

ದನಗಳ ‘ದೊಡ್ಡ ರೋಗ’ವೆಂಬ ಮಹಾಮಾರಿಯನ್ನು ನಮ್ಮ ದೇಶ ಲಸಿಕೆಯಿಂದಲೇ ಅಳಿಸಿತು. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತು. ಕಾಲುಬಾಯಿ ಜ್ವರ ಅದಕ್ಕಿಂತ ಹಟಮಾರಿ, ಆದರೆ ಅಜೇಯವಲ್ಲ. ಹೇಮಗಿರಿ, ಬೇಬಿ ಬೆಟ್ಟದ ದನಗಳ ಜಾತ್ರೆಗೆ ರಾಸು ಕಟ್ಟುವವರು ಮೂರು ನಾಲ್ಕು ವಾರ ಮೊದಲೇ ಲಸಿಕೆ ಹಾಕಿಸಿ. ಜಾತ್ರೆಯಿಂದ ತಂದ ಹೊಸ ರಾಸನ್ನು ಎರಡು ವಾರವಾದರೂ ಬೇರೆ ಕಟ್ಟಿ. ಊರಿಗೆ ಲಸಿಕೆ ಬಂದಾಗ ‘ಪೆಟ್ಟಿಗೇಲಿ ಐಸ್ ಐತಾ ಅಣ್ಣ?’ ಎಂದು ಕೇಳಲು ಸಂಕೋಚ ಬೇಡ. ನಿಮ್ಮ ಒಬ್ಬರ ಕೊಟ್ಟಿಗೆಯಲ್ಲಿ ಲಸಿಕೆಯಾದರೆ ಸಾಲದು, ಪಕ್ಕದ ಮನೆಯವರನ್ನೂ ಅದೇ ದಿನ ಕರೆದುಕೊಂಡು ಬನ್ನಿ.