ಕೆರೆಯ ಮೀನಿನ ಬೆಳೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿ ಮೀನುಗಾರಿಕೆಯೆಂದರೆ ಕೆರೆಯ ಮೀನುಗಾರಿಕೆಯೇ. ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ಕೆರೆಗಳಲ್ಲಿ ಮೀನು ಕೂಡ ರಾಗಿಯಂತೆ ಒಂದು ಬೆಳೆ. ಅದಕ್ಕೂ ನೆಲವನ್ನು ಹಸನು ಮಾಡಬೇಕು, ಹದವರಿತು ಬಿತ್ತಬೇಕು. ಬಲೆ ಎಳೆಯುವ ದಿನದ ಸಡಗರವನ್ನು ಕಾಣದವರಿಲ್ಲ. ಹಿಂದಿನ ಬೇಸಿಗೆಯಲ್ಲಿಯೇ ತೊಡಗುವ ಸಿದ್ಧತೆಯನ್ನು ಗಮನಿಸಿದವರು ವಿರಳ.

ಕೆರೆ ಬರಿದಾಗಿರುವಾಗಲೇ ಕೆಲಸ ಆರಂಭವಾಗುತ್ತದೆ. ಅಂಗಳದ ಜಾಲಿಗಿಡಗಳನ್ನು ಬೇರುಸಹಿತ ಕೀಳದಿದ್ದರೆ ಮುಂದೆ ಅವುಗಳ ಮುಳ್ಳಿಗೆ ಸಿಕ್ಕಿ ಬಲೆ ಹರಿಯುತ್ತದೆ. ಗುಂಡಿಗಳಲ್ಲಿ ಉಳಿದ ಕೆಸರುನೀರನ್ನೂ ಅಲಕ್ಷಿಸುವಂತಿಲ್ಲ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕೊರವ ಮೀನು ಅಲ್ಲಿ ಜೀವ ಹಿಡಿದುಕೊಂಡಿದ್ದು, ಹೊಸದಾಗಿ ಬಿಟ್ಟ ಮರಿಗಳನ್ನು ನುಂಗಿಬಿಡುತ್ತದೆ. ಅದನ್ನು ಹಿಡಿದು ತೆಗೆದ ಬಳಿಕ ಸುಣ್ಣವನ್ನೂ ಕೊಟ್ಟಿಗೆಗೊಬ್ಬರವನ್ನೂ ಹರಡುತ್ತಾರೆ. ಸುಣ್ಣವು ಮಣ್ಣಿನ ಹುಳಿಯನ್ನು ತಗ್ಗಿಸಿದರೆ, ಗೊಬ್ಬರವು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಗಳನ್ನೂ ಜೀವಿಗಳನ್ನೂ ಬೆಳೆಸುತ್ತದೆ. ಮರಿಗಳಿಗೆ ಇವೇ ಆಹಾರ.

ಸಾಮಾನ್ಯವಾಗಿ ಬಿತ್ತುವ ತಳಿಗಳು ಕಾಟ್ಲಾ, ರೋಹು ಮತ್ತು ಮೃಗಾಲ್. ಕಾಟ್ಲಾ ನೀರಿನ ಮೇಲ್ಭಾಗದಲ್ಲಿಯೂ ರೋಹು ನಡುಭಾಗದಲ್ಲಿಯೂ ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಒಂದರ ಅನ್ನಕ್ಕೆ ಇನ್ನೊಂದು ಕೈಹಾಕುವುದಿಲ್ಲ. ಆದರೆ ಇವು ಸಾಮಾನ್ಯವಾಗಿ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಪ್ರವಾಹದಿಂದ ಉಕ್ಕುವ ನದಿ ಬೇಕು. ಹೀಗಾಗಿ ಹಿಂದೆ ಮರಿಗಳನ್ನು ನದಿಗಳಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸಿದರು. ನದಿಯಿಲ್ಲದ ಊರಿನ ಕೆರೆಗೂ ಬೇಕಾದಷ್ಟು ಮರಿಗಳು ದೊರೆಯುವಂತಾದದ್ದು ಆ ಬಳಿಕ.

ಮರಿ ಬಿಡುವ ಹೊತ್ತನ್ನು ನಿರ್ಧರಿಸುವುದೇ ಕಠಿಣ. ಈ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮೊದಲ ಮಳೆಯನ್ನು ನಂಬಿ ಬಿಟ್ಟರೆ ನೀರು ಇಂಗಿ ಮರಿಗಳು ಸಾಯಬಹುದು. ಹಸ್ತಾ ಮಳೆಯವರೆಗೆ ಕಾದರೆ ಬೆಳೆಯಲು ಕಾಲ ಸಾಲದು. ಎರಡು ಮೂರು ಸೆಂಟಿಮೀಟರಿನ ಮರಿ ಅಗ್ಗವೆಂದು ತಂದವನಿಗೆ ಕೊನೆಗೆ ದಕ್ಕುವುದು ಅಲ್ಪ. ಎಂಟು ಹತ್ತು ಸೆಂಟಿಮೀಟರ್ ಬೆಳೆದವು ಶತ್ರುಗಳಿಂದ ತಪ್ಪಿಸಿಕೊಳ್ಳಬಲ್ಲವು. ಆಮ್ಲಜನಕ ತುಂಬಿದ ಚೀಲಗಳಲ್ಲಿ ಅವು ಬರುತ್ತವೆ. ಬಂದೊಡನೆ ಸುರಿಯಬಾರದು. ಚೀಲವನ್ನು ಕಾಲು ಗಂಟೆ ಕೆರೆಯಲ್ಲಿ ತೇಲಿಸಿ, ಎರಡು ನೀರಿನ ಉಷ್ಣತೆಯೂ ಸಮನಾದ ಮೇಲೆ ಬಾಯಿ ಬಿಚ್ಚಬೇಕು. ಮರಿಗಳು ತಾವಾಗಿ ಈಜಿಹೋಗುತ್ತವೆ.

ಇನ್ನುಳಿದದ್ದು ಕೋಡಿ. ಕೆರೆ ತುಂಬಿ ಹರಿದರೆ ಮೀನೂ ನೀರಿನೊಡನೆ ಹೊರಟುಹೋಗುತ್ತದೆ. ಅದಕ್ಕಾಗಿ ಕೋಡಿಗೆ ಬಲೆ ಕಟ್ಟುವುದುಂಟು. ಆದರೆ ಆ ಬಲೆಗೆ ಕಸಕಡ್ಡಿ ತುಂಬಿ ನೀರು ಕಟ್ಟಿಕೊಂಡರೆ ಏರಿಯೇ ಒಡೆಯುವ ಭಯವಿದೆ. ಮೀನಿಗಿಂತ ಏರಿ ದೊಡ್ಡದು. ಅದರ ಕೆಳಗೆ ಊರಿನ ಗದ್ದೆಗಳಿವೆ. ಆದುದರಿಂದ ಜೋರು ಮಳೆಯ ರಾತ್ರಿ ಒಬ್ಬರು ಕೋಡಿಯ ಬಳಿ ಎಚ್ಚರವಿದ್ದು ಕಸವನ್ನು ತೆಗೆಯುತ್ತಿರಬೇಕು, ಪ್ರವಾಹ ಮೇರೆ ಮೀರಿದರೆ ಬಲೆಯನ್ನೇ ಕತ್ತರಿಸಿಬಿಡಬೇಕು.